ವಾರಕ್ಕೆ ಉಳುವವರ ಮೊಮ್ಮಗಳು

ನನಗಾಗ ಅರವತ್ತಾರು. ಈಗ ಎಪ್ಪತ್ತು, ಅಂದರೆ ನಾಲ್ಕು ವರ್ಷದ ಹಿಂದಿನ ಮಾತು. ಮಾಸ್ತಿ ಕಡೆ ನಾವು ವಾರಕ್ಕೆ ಮಾಡುತ್ತಿದ್ದ ಹೊಲದ ಯಜಮಾನಿ ಮಾಲೂರಿನಿಂದ ಮಗಳನ್ನು ಕರೆದುಕೊಂಡು ಕಾರಿನಲ್ಲಿ ಬಂದರು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ರಾಗಿ ಒಕ್ಕುವಾಗ ಬಿಟ್ಟರೆ ಅವರು ಈ ಕಡೆ ಬಂದವರಲ್ಲ. ಬಂದರೂ ನೀರಿನ ಬಾಟಲಿ ಜೊತೆಗೇ ಇರುತ್ತಿತ್ತು, ನಮ್ಮ ಕೇರಿಯ ನೀರು ಮುಟ್ಟುತ್ತಿರಲಿಲ್ಲ. ನನ್ನನ್ನು "ಏಯ್, ಇವಳೇ" ಎನ್ನುತ್ತಿದ್ದವರು ಅವತ್ತು ಜಗಲಿಯ ಮೇಲೆ ಕೂತು, "ಒಂದ್ ಲೋಟ ನೀರ್ ಕೊಡಜ್ಜಿ" ಎಂದರು. ಇವರಿಗೆ ನನ್ನಿಂದ ಏನೋ ಆಗಬೇಕು ಎಂದುಕೊಂಡೆ. ಕೊಟ್ಟ ನೀರನ್ನು ಕುಡಿಯಲಿಲ್ಲ, ಪಕ್ಕಕ್ಕಿಟ್ಟರು.

ಅವರ ಮಗಳು ಪಿಯುಸಿ ಮುಗಿಸಿ ಕೃಷಿ ಕಾಲೇಜಿಗೆ ಸೇರಬೇಕಂತೆ. ಅಲ್ಲಿ ರೈತರ ಮಕ್ಕಳಿಗೆಂದೇ ಬೇರೆ ಸೀಟು ಇವೆಯಂತೆ. ಅದಕ್ಕೊಂದು ಪರೀಕ್ಷೆ. ಬೀಜ, ಸಸಿ, ಗೊಬ್ಬರ, ಕುಂಟೆ ನೋಡಿ ಇದು ಇಂಥದ್ದು ಎನ್ನಬೇಕು.

"ನಾಳೆಯಿಂದ ಇವಳನ್ನ ಬಿಟ್ಟೋಗ್ತೀನಿ. ಸಾಮೆ ಯಾವ್ದು, ನವಣೆ ಯಾವ್ದು, ಎಲ್ಲ ತೋರ್ಸಜ್ಜಿ."

ಹುಡುಗಿ ತಲೆ ಬಗ್ಗಿಸಿ ನಿಂತಿತ್ತು. ನನ್ನ ಮೊಮ್ಮಗಳದೂ ಅದೇ ವರ್ಷ ಪಿಯುಸಿ ಮುಗಿದಿತ್ತು, ಅವಳಿಗೂ ಅದೇ ಕಾಲೇಜಿನ ಆಸೆ. ಪಾತ್ರೆ ತಿಕ್ಕುತ್ತಿದ್ದವಳು ಎದ್ದು ಬಂದಳು.

"ಅಮ್ಮಾ, ಆ ಸೀಟಿಗೆ ನಾನೂ ಹಾಕ್ಬೋದಾ?"

"ನಿಮ್ಗೆಲ್ಲಿದೆ ಜಮೀನು? ಪಹಣಿ ಬೇಕಮ್ಮ. ನಿಮ್ಗೇನು ಬಿಡು, ನಿಮ್ ಜಾತಿಗೆ ಸರ್ಕಾರ ಕರ್ದು ಕರ್ದು ಕೊಡುತ್ತೆ."

"ಯಾರೂ ಕರ್ಯಲ್ಲಮ್ಮ. ನಮ್ ಜಾತಿ ಸೀಟಿಗೂ ಮಾರ್ಕ್ಸ್ ಬೇಕು, ನಂಗೆ ಸ್ವಲ್ಪದ್ರಲ್ಲಿ ತಪ್ತಾ ಇದೆ. ರೈತ್ರ ಕೋಟಾ ಸಿಕ್ರೇನೇ ಸೀಟು."

ನಾನು ಬಾಯಿ ಹಾಕಿದೆ. "ಹಂಗಾದ್ರೆ ನಿಮ್ ಹುಡುಗೀಗೆ ಕಲಿಸ್ತೀನಿ ತಾಯಿ. ಹೊಲ ಮಾಡೋರು ನಾವೇ ಅಂತ ನಿಮ್ ಯಜಮಾನ್ರು ಬರ್ಕೊಡ್ಲಿ."

ಅವರ ಮುಖ ಗಂಟಿಕ್ಕಿತು. "ಬರ್ಕೊಟ್ರೆ ನಾಳೆ ಹೊಲಾನೇ ನಮ್ದು ಅಂತ ಕೋರ್ಟಿಗೋಗ್ತೀರ."

"ನಿಮ್ಗೆ ನಮ್ಮೇಲೆ ಅಷ್ಟು ಅನುಮಾನ. ನಂಗೆ ನಿಮ್ಮೇಲೆ ಅದಕ್ಕಿಂತ ಒಂದು ಹಿಡಿ ಜಾಸ್ತಿ."

"ಬಾಯಿ ಜೋರಾಯ್ತು ಕಣಜ್ಜಿ ನಿಂದು," ಎಂದು ನಕ್ಕರು. "ಆಯ್ತು, ಅವ್ರಿಗೆ ಹೇಳ್ನೋಡ್ತೀನಿ. ಮೊದ್ಲು ಇವಳಿಗೆ ಕಲ್ಸು."

ಹೊಲದ ಬಾವಿಗೆ ಮೋಟಾರು ಕೇಳಿದಾಗಲೂ ಹೇಳಿ ನೋಡುತ್ತೇನೆ ಎಂದೇ ಅಂದಿದ್ದರು. ಆ ಮೋಟಾರು ಇನ್ನೂ ಬಂದಿರಲಿಲ್ಲ. ಅವರ ಮಗಳಿಗೆ ಸೀಟು ಸಿಕ್ಕ ಮೇಲೆ ನಮ್ಮನ್ನು ಯಾರು ಕೇಳುತ್ತಾರೆ? ಎದುರು ನಿಂತರೆ ಹೊಲ ಬಿಡಿಸುತ್ತಾರೆ, ಅದೂ ಗೊತ್ತಿತ್ತು.

ಕಾರು ಹೋದ ಮೇಲೆ ಮೊಮ್ಮಗಳು ಕೇಳಿದಳು: "ನಾನು ಕಳೆ ಕಿತ್ತ ಹೊಲ ತೋರ್ಸಿ ಅವಳು ರೈತ್ರ ಮಗಳಾಗ್ತಾಳೆ. ನಾನ್ಯಾರಜ್ಜಿ?"

"ಪಾತ್ರೆ ತಿಕ್ಕೋಗೇ," ಎಂದೆ.

ಮರುದಿನ ಬೆಳಗ್ಗೆ ಅವರ ಕಾರು ಬರುವ ಮುಂಚೆಯೇ ಬಾಗಿಲಿಗೆ ಬೀಗ ಹಾಕಿ, ಮೊಮ್ಮಗಳ ಕೈ ಹಿಡಿದು ಮಾಲೂರಿನ ಬಸ್ಸು ಹತ್ತಿದೆ. ರೈತರೆಂದು ಪತ್ರ ಕೊಡುವ ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತು ಬಾಗಿಲು ತೆಗೆಯುವುದನ್ನು ಕಾದೆ. ಮೊದಲು ಬಂದ ಗುಮಾಸ್ತನನ್ನೇ ನಿಲ್ಲಿಸಿ, ವಾರಕ್ಕೆ ಉಳುವವರು ರೈತರು ಹೌದೋ ಅಲ್ಲವೋ, ಬಾಯಿಬಿಟ್ಟು ಹೇಳಪ್ಪ ಎಂದು ಕೇಳಿದೆ.