ಕೌಂಟರಿನ ಕಣ್ಣು

೨೦೨೨ನೆಯ ಇಸವಿ, ನನಗಾಗ ಐವತ್ತೊಂದು ವರ್ಷ. ಆ ಬೇಸಿಗೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ನನ್ನ ಭಾವನ ಬಲಗೈ ಹೆಬ್ಬೆರಳು. ದಿನವಿಡೀ ಐಸಿನ ನೀರಿನಲ್ಲಿ ನೆನೆದು, ಬಿಳಿಚಿ ಸುಕ್ಕುಗಟ್ಟಿದ ಆ ಬೆರಳು ಬೇರೆ ಯಾರದೋ ದೇಹದ್ದೆನ್ನುವಂತೆ ಕಾಣುತ್ತಿತ್ತು. ಅದರ ಮೇಲೆ ಅವರಿಗಿದ್ದ ಅಭಿಮಾನ ಮಾತ್ರ ಅಪಾರ. ಸಿಂಧನೂರಿನ ಬಾರೊಂದರ ಕೌಂಟರಿನಲ್ಲಿ ಬಹುಕಾಲದಿಂದ ನಿಂತಿದ್ದ ಅವರು ಪೆಗ್ ಅಳೆಯುವ ಸ್ಟೀಲಿನ ಬಟ್ಟಲನ್ನು ಮುಟ್ಟುತ್ತಿರಲಿಲ್ಲ. ಹೆಬ್ಬೆರಳನ್ನು ಬಾಟಲಿಯ ಬಾಯಿಗೊತ್ತಿ ಅಂದಾಜಿನಿಂದಲೇ ಸುರಿಯುತ್ತಿದ್ದರು.

"ಮೆಜರ್ ಅನ್ನೋದು ಹೊಸಬರಿಗೆ, ಮಾಸ್ತರ್. ನನ್ನ ಕಣ್ಣು ತಪ್ಪಂಗಿಲ್ಲ," ಎಂಬುದು ಅವರ ನಿತ್ಯದ ಮಾತು.

ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ, ಸ್ವಯಂ ನಿವೃತ್ತಿ ಪಡೆದಿದ್ದ ನನಗೆ ಅವರ ಭಾಷೆ ಅಸಹ್ಯವಾಗಿತ್ತು. ತೊಂಬತ್ತು ಎಂ.ಎಲ್.ಗೆ ನೈಂಟಿ, ಅದರ ಇಮ್ಮಡಿಗೆ ಕ್ವಾರ್ಟರ್ ಎಂದು ಬಾರಿನ ಗದ್ದಲದಲ್ಲಿ ಕೂಗುವುದನ್ನು ನಾನು ಆಕ್ಷೇಪಿಸುವುದಿಲ್ಲ. ಭಾವ ಆ ಮಾತುಗಳನ್ನು ಮನೆಗೆ ತಂದು ಮನುಷ್ಯರಿಗೆ ಅಂಟಿಸುತ್ತಿದ್ದರು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟೇಳುವ ಎದುರುಮನೆಯ ಗುಮಾಸ್ತರು 'ನೈಂಟಿ'. ತಾನು ಕುಡಿಯದೆ, ಕುಡಿಯುವವರ ತಟ್ಟೆಯ ಶೇಂಗಾ ತಿನ್ನುತ್ತ ಉಪದೇಶ ಮಾಡುವವನು 'ಸೋಡಾ'. ಅದು ನನ್ನ ಹೆಸರೆಂದು ಅಕ್ಕನೇ ಹೇಳಿದ್ದಳು. ಎಲ್ಲರಿಗಿಂತ ಕೀಳು 'ಶಟರ್ ಗಿರಾಕಿ': ಬಾರಿನ ಶಟರ್ ಏಳುವ ಮೊದಲೇ ಬಂದು ಕಾದಿದ್ದು, ನಡುಗುವ ಎರಡೂ ಕೈಗಳಿಂದ ಗ್ಲಾಸು ಎತ್ತುವವನು.

ಏಪ್ರಿಲ್ ತಿಂಗಳಲ್ಲಿ ಅಕ್ಕನ ಮಗಳಿಗೆ ನಾನೇ ಒಂದು ಸಂಬಂಧ ತಂದೆ. ಅವಳು ಆಸ್ಪತ್ರೆಯಲ್ಲಿ ನರ್ಸ್. ಹುಡುಗ ಲಿಂಗಸುಗೂರಿನವನು, ನನ್ನ ಹಳೆಯ ವಿದ್ಯಾರ್ಥಿ. ಭತ್ತ ಕೊಯ್ಯುವ ಮಷೀನೊಂದನ್ನು ಕೊಂಡು ತಾನೇ ಓಡಿಸುತ್ತಿದ್ದ. ಫೋನಿನಲ್ಲಿ ಮಾತಾಡಿಕೊಂಡು ಇಬ್ಬರೂ ಒಪ್ಪಿದ್ದರು. ಸುಗ್ಗಿಯ ನಡುವೆ ಬಿಡುವು ಮಾಡಿಕೊಂಡು ಅವನು ತುರ್ವಿಹಾಳದ ಗದ್ದೆಯಿಂದ ನೇರವಾಗಿ ಕನ್ಯೆ ನೋಡಲು ಬಂದ. ಚಹಾ ಎತ್ತುವಾಗ ಕಪ್ಪಿನ ಕೆಳಗಿನ ಬಸಿ ಕಟಕಟ ಎಂದಿತು. ಅವನು ಇನ್ನೊಂದು ಕೈಯನ್ನೂ ಆಸರೆ ಕೊಟ್ಟ.

ಭಾವ ಎದ್ದು ಅಡುಗೆಮನೆಗೆ ನಡೆದರು. ನಾನೂ ಹಿಂದೆಯೇ ಹೋದೆ.

"ಶಟರ್ ಗಿರಾಕಿ ಅದಾನ. ಕಳಿಸ್ರಿ."

"ಅದು ಮಷೀನ್ ಹೊಡದ ಕೈ, ಭಾವ. ಹಗಲೂ ರಾತ್ರಿ ಲಿವರ್ ಹಿಡದಾನ, ಇನ್ನಾ ಅದುರಾಕತ್ತೈತಿ."

"ಸಾಲ್ಯಾಗ ನೋಡಿದ್ದು ಬ್ಯಾರೆ ಮಾಸ್ತರ್, ಕೌಂಟರ್‌ದಾಗ ನೋಡಿದ್ದು ಬ್ಯಾರೆ. ಇಂಥಾ ಕೈ ದಿನಾ ಮುಂಜಾನೆ ನೋಡ್ತೀನಿ."

ಹೊರಗೆ ಬಂದು, ಹುಡುಗನ ಕಡೆಯಿಂದ ಬಂದಿದ್ದ ಹಿರಿಯರ ಎದುರು, "ಜಾತಕ ಕೂಡಂಗಿಲ್ರಿ," ಎಂದರು. ಜಾತಕವನ್ನು ಯಾರೂ ಇನ್ನೂ ಬಿಚ್ಚಿಯೇ ಇರಲಿಲ್ಲ. ನಿಜವಾದ ಕಾರಣವನ್ನು ಎದುರಿಗೆ ಹೇಳುವ ಧೈರ್ಯವಿಲ್ಲದ ಅದೇ ಮನುಷ್ಯ, ಮರುದಿನದಿಂದ ಅದನ್ನು ಬಾರಿನಲ್ಲಿ ಗಿರಾಕಿಗಳಿಗೆಲ್ಲ ಬಡಿಸಿದರು. ಮಾತು ತುರ್ವಿಹಾಳಕ್ಕೂ ಮುಟ್ಟಿತು. ಕುಡುಕನನ್ನು ಗದ್ದೆಗೆ ಇಳಿಸುವುದು ಹೇಗೆಂದು ಕೆಲವು ರೈತರು ಬೇರೆ ಮಷೀನು ಕರೆಸಿದರು.

ಅಕ್ಕನ ಮಗಳು ಅಳಲಿಲ್ಲ. ಸುಗ್ಗಿ ಮುಗಿದು ಹುಡುಗನ ಕೈಗೆ ಕೆಲವು ದಿನ ಬಿಡುವು ಸಿಗಲೆಂದು ಕಾದಳು. ಸಿಂಧನೂರು, ಲಿಂಗಸುಗೂರುಗಳ ನಡುವೆ, ಮಸ್ಕಿಯಲ್ಲಿರುವ ನನ್ನ ಮನೆಗೆ ಎರಡೂ ಕಡೆಯವರನ್ನು ಕರೆಸಿದಳು. ಸ್ಟೀಲಿನ ಲೋಟವೊಂದನ್ನು ತಂದೆಯ ಮುಂದಿಟ್ಟಳು.

"ಅಪ್ಪಾ, ನೀನ ನೀರು ಹಾಕು. ಅಂಚಿನ ತನಕ."

"ಇದೇನ್ ಆಟ ಬೇ?"

"ನಿನ್ನ ಅಂಗಡಿ ಆಟಾನ. ಹಾಕು."

ಸುರಿಯುವ ಚಪಲ ಅವರನ್ನು ಬಿಡಲಿಲ್ಲ. ಇನ್ನೊಂದು ಹನಿಗೂ ಎಡೆಯಿಲ್ಲದಂತೆ ತುಂಬಿಸಿದರು. ಹುಡುಗ ಒಂದೇ ಕೈಯಲ್ಲಿ ಲೋಟವೆತ್ತಿ, ನಡುಮನೆಯನ್ನು ದಾಟಿ ಹೋಗಿ, ತಿರುಗಿ ಬಂದು ಅವರಿಗೇ ನೀಡಿದ.

"ಕುಡೀರಿ ಮಾವಾರ. ಬಿಸಿಲು ಭಾಳ ಐತಿ."

ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಭಾವ ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡರು. "ಕೈ ಖಡಕ್ ಅದ," ಎಂದರು. ಅಷ್ಟೆ. ತಪ್ಪಾಯಿತೆಂಬ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ಮರುದಿನ ಕೌಂಟರಿನಲ್ಲಿ ನಿಂತು, "ನಾನ ನೋಡಿ ಆರಿಸೀನಿ ಅಳಿಯನ್ನ. ಹನಿ ಮುಟ್ಟಂಗಿಲ್ಲ. ನನ್ನ ಕಣ್ಣು ತಪ್ಪಂಗಿಲ್ಲ," ಎಂದು ಸಾರಿದರು.

ಆ ಮಾತೂ ತುರ್ವಿಹಾಳಕ್ಕೆ ಮುಟ್ಟಿತು. ಮುಂದಿನ ಸುಗ್ಗಿಗೆ ಮಷೀನು ಒಂದು ದಿನವೂ ಖಾಲಿ ನಿಲ್ಲಲಿಲ್ಲ. ಹುಡುಗನ ಹೆಸರನ್ನು ಹೊಲಸು ಮಾಡಿದ ಬಾಯಿಯೇ ಅದನ್ನು ತೊಳೆಯಿತು, ತೊಳೆದದ್ದೂ ಸುಳ್ಳಿನಿಂದಲೇ. ಅವರಿಗೆ ನಾನು ಋಣಿಯಾಗಿರುವುದು ಆ ಒಂದು ಸುಳ್ಳಿಗೆ ಮಾತ್ರ. ಅದಕ್ಕಾಗಿ, ಅವರು ಅದನ್ನು ನನ್ನೆದುರಿಗೇ ಹೇಳಿಕೊಂಡಾಗಲೂ ನಾನು ತಿದ್ದುವುದಿಲ್ಲ. ಮಸ್ಕಿಯ ನನ್ನ ಮನೆಯಲ್ಲಿ ಆ ಲೋಟ ಬರಿದಾಗಿ, ಮದುವೆ ನಿಶ್ಚಯವಾದದ್ದು ೨೦೨೨ನೆಯ ಇಸವಿ ಮೇ ತಿಂಗಳ ಹನ್ನೊಂದನೆಯ ತಾರೀಖು, ಬುಧವಾರ.