ಸೋಮವಾರದ ನೀರು

ಹೊಳೆ, ಕೆರೆ, ನಾಲೆಗಳ ನೀರಿನಲ್ಲಿ ಯಾವ ವಿಷ ಎಷ್ಟರ ಮಟ್ಟಿಗೆ ಇದ್ದರೆ ತಡೆದುಕೊಳ್ಳಬಹುದು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಪಕ್ಕದ ಎಲೆಗೆ ಕೂತವರು ವಿಚಾರಿಸಿದಾಗ ಹೀಗೆಯೇ ಹೇಳಿಬಿಡುತ್ತೇನೆ. ಹೆಚ್ಚಿನವರು ಮೊದಲು ತಮ್ಮ ನೀರಿನ ಲೋಟದ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ. ಚಿರೋಟಿ ಬರುವ ಹೊತ್ತಿಗೆ ಮಾತು ಬೇರೆ ಕಡೆಗೆ ಹೊರಳಿರುತ್ತದೆ. ನನಗೂ ಅದೇ ಬೇಕು. ಊಟದ ಹೊತ್ತಿನಲ್ಲಿ ಕೀಟನಾಶಕದ ಪುರಾಣ ತೆಗೆದರೆ ನನಗೇ ಬಾಯಿರುಚಿ ಕೆಡುತ್ತದೆ.

ನಮ್ಮ ಲ್ಯಾಬು ಇರುವುದು ಹಾಸನದಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಸಮಿತಿ ಮಾಡಿ, ಹೇಮಾವತಿಯ ನೀರು ಹರಿಯುವ ಕಡೆಯಲ್ಲೆಲ್ಲ ಬೆಳೆಗೆ ಹೊಡೆಯುವ ಔಷಧಿ ಎಷ್ಟು ಸೇರುತ್ತಿದೆ, ಅದಕ್ಕೆ ಎಲ್ಲಿ ಗೆರೆ ಎಳೆಯಬೇಕು ಎಂದು ನೋಡಲು ಹೇಳಿದರು. ನಾನೂ ಆ ಸಮಿತಿಯಲ್ಲಿದ್ದೆ. ಗೆರೆ ಎಂದರೆ ಒಂದು ಸಂಖ್ಯೆ, ಲೀಟರ್ ನೀರಿಗೆ ಇಷ್ಟು ಎಂದು. ಅದರ ಕೆಳಗಿದ್ದರೆ ನೀರು ಪಾಸು, ಮೇಲಿದ್ದರೆ ಫೇಲು. ಗೊರೂರು ಅಣೆಕಟ್ಟಿನ ಕೆಳಗೆ, ಅರಕಲಗೂಡಿನ ಸುತ್ತಿನ ನಾಲೆಗಳಲ್ಲಿ, ಹೊಳೆನರಸೀಪುರದ ಸೇತುವೆ ಹತ್ತಿರ, ಚನ್ನರಾಯಪಟ್ಟಣದ ಕಡೆಯ ಕೆರೆಗಳಲ್ಲಿ ನೀರು ಹಿಡಿದು ತರುವುದೆಂದು ತೀರ್ಮಾನವಾಯಿತು. ಜೀಪು ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೊರಡುತ್ತಿತ್ತು. ಅರಕಲಗೂಡಿನ ದಿಕ್ಕಿಗೆ ಗುರುವಾರ.

ಗುರುವಾರದ ನೀರು ಬಲು ಸಭ್ಯವಾಗಿತ್ತು. ತಿಂಗಳುಗಟ್ಟಲೆ ತಂದು ಮಿಷನ್ನಿಗೆ ಹಾಕಿದರೂ ಅಲ್ಲಷ್ಟು ಇಲ್ಲಷ್ಟು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷರು ಬೆಂಗಳೂರಿನಿಂದ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಸರಾಸರಿಯ ಮೇಲೆ ಅವರಿಗೆ ಮನೆದೇವರಷ್ಟು ಭಕ್ತಿ. ವರ್ಷದ ಸರಾಸರಿಗೆ ಒಂದು ಗೆರೆ ಎಳೆದರೆ ಸಾಕು, ನಿಮ್ಮ ಜಿಲ್ಲೆಯ ನೀರು ಅದರ ಕೆಳಗೆ ಆರಾಮಾಗಿ ಬರುತ್ತದೆ ಎಂದು ಖುಷಿಯಲ್ಲಿದ್ದರು. ನನಗೆ ಮಾತ್ರ ಆ ಖುಷಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾರಣ, ನಮ್ಮ ಅತ್ತಿಗೆಯ ಮೀನು.

ಅದೇ ಗುರುವಾರದ ದಿಕ್ಕಿನಲ್ಲಿ, ಹಳ್ಳಿಮೈಸೂರಿನ ಕಡೆ ನಮ್ಮ ಅಣ್ಣ ಶುಂಠಿ ಬೆಳೆಯುತ್ತಾನೆ. ಅತ್ತಿಗೆ ಊರಿನ ಹೆಂಗಸರ ಸಂಘ ಕಟ್ಟಿಕೊಂಡು, ಊರಿನ ಕೆರೆಯನ್ನು ಮೀನು ಸಾಕಲು ಪಂಚಾಯಿತಿಯಿಂದ ಗುತ್ತಿಗೆ ಹಿಡಿದಿದ್ದಳು. "ಉಟ್ಟಿದಾಗ ಅಪ್ಪನ್ ಒಲ, ಮದ್ವೆ ಆದ್ಮೇಲೆ ನಿಮ್ಮಣ್ಣನ್ ಒಲ. ಈ ಕೆರೆ ಒಂದೇ ಕಣವ್ವ ನಂದು ಅನ್ನಾದು" ಎನ್ನುತ್ತಿದ್ದಳು. ಕಾಟ್ಲಾ, ರೋಹು ಮರಿ ತಂದು ಬಿಟ್ಟು, ದಿನಾ ಬೆಳಗ್ಗೆ ಏರಿ ಮೇಲೆ ನಿಂತು ತೌಡು ಎರಚುವುದೆಂದರೆ ಅವಳಿಗೆ ಹಬ್ಬ. ಮೊದಲ ಸಲ ಬಿಟ್ಟ ಮರಿಗಳು ಬೆರಳುದ್ದ ಆಗುವ ಹೊತ್ತಿಗೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಎರಡನೇ ಸಲದವೂ ಹಾಗೆಯೇ. ಮೂರನೇ ಸಲವೂ ಹೀಗಾದರೆ ಕೆರೆಯನ್ನು ಪೇಟೆಯ ಕಂಟ್ರಾಕ್ಟರಿಗೆ ಕೊಟ್ಟುಬಿಡುತ್ತೇವೆ ಎಂದು ಪಂಚಾಯಿತಿಯವರು ಹೇಳಿದರು. ಸಂಘದ ಹೆಂಗಸರು ಮೇಲಿನ ಊರಿನವರನ್ನು ಬೈದರು, ರಸ್ತೆ ಬದಿಯ ಹೋಟೆಲಿನ ಬಚ್ಚಲನ್ನು ಬೈದರು, ಕೊನೆಗೆ ಯಾರದೋ ಕೆಟ್ಟ ಕಣ್ಣು ಎಂದು ಏರಿಯ ಮೇಲೆ ಕುಂಬಳಕಾಯಿಯನ್ನೂ ಒಡೆದರು.

"ನಿಮ್ ಮಿಷನ್ನು ಏನಂತದೆ, ಒಸಿ ನೋಡ್ಬುಟ್ಟು ಯೋಳವ್ವ" ಎಂದು ಅತ್ತಿಗೆ ಫೋನ್ ಮಾಡಿದಳು.

"ನೀರು ಚೆನ್ನಾಗೈತೆ ಅಂತದೆ ಅತ್ಗೆ."

"ನೀರ್ ಚೆನ್ನಾಗಿದ್ರೆ ಮೀನ್ಯಾಕ್ ಸಾಯ್ತವೆ? ಅವ್ಕೇನ್ ಸಾಯೋ ಚಟ್ವಾ?"

ಮಿಷನ್ನು ಸುಳ್ಳು ಹೇಳುವುದಿಲ್ಲ, ಮೀನೂ ಸುಳ್ಳು ಹೇಳುವುದಿಲ್ಲ. ಮಧ್ಯದಲ್ಲಿ ನಾವೇ ಏನೋ ಎಡವಟ್ಟು ಮಾಡಿಕೊಂಡಿದ್ದೇವೆ ಎಂದು ಒಂದು ಸೋಮವಾರ ರಜೆ ಹಾಕಿ ಬಸ್ಸು ಹತ್ತಿದೆ.

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಈಗ ಊರಿನಲ್ಲಿ ಎತ್ತುಗಳೇ ಬೆರಳೆಣಿಕೆ, ಎಲ್ಲರ ಮನೆ ಮುಂದೆಯೂ ಟ್ರ್ಯಾಕ್ಟರು. ಆದರೂ ಪದ್ಧತಿ ಪದ್ಧತಿಯೇ. ಸೋಮವಾರ ಟ್ರ್ಯಾಕ್ಟರಿಗೂ ರಜೆ. ಅದನ್ನು ತೊಳೆದು, ಹಣೆಗೆ ಅಂದರೆ ಬಾನೆಟ್ಟಿಗೆ ಕುಂಕುಮ ಇಟ್ಟು ನೆರಳಲ್ಲಿ ನಿಲ್ಲಿಸುತ್ತಾರೆ. ನಾನು ಹುಟ್ಟಿ ಬೆಳೆದ ಊರು, ಇದೆಲ್ಲ ನನಗೆ ಹೊಸದಲ್ಲ. ಉಳುಮೆ ಇಲ್ಲದ ದಿನ ಗಂಡಸರು ಕೈ ಕಟ್ಟಿ ಕೂರುವುದಿಲ್ಲ ಎಂಬುದೂ ಹೊಸದಲ್ಲ. ಉಳುಮೆ ಇಲ್ಲದ ದಿನ ಔಷಧಿ ಹೊಡೆಯುತ್ತಾರೆ. ಒಬ್ಬರಲ್ಲ, ಇಬ್ಬರಲ್ಲ, ಊರಿಗೆ ಊರೇ.

ನಾನು ಬಸ್ಸಿಳಿದು ನಾಲೆ ದಾರಿಯಲ್ಲಿ ಬರುವಾಗ ಮಧ್ಯಾಹ್ನದ ಹೊಡೆತ ಮುಗಿದಿತ್ತು. ನಾಲೆಯ ಮೆಟ್ಟಿಲುಗಳ ಮೇಲೆ ಜನವೋ ಜನ. ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಕ್ಯಾನುಗಳನ್ನು ನೀರಿನಲ್ಲಿ ಅದ್ದಿ, ಗಳಗಳ ಅಲ್ಲಾಡಿಸಿ, ಮತ್ತೆ ಅಲ್ಲಿಗೇ ಸುರಿಯುತ್ತಿದ್ದರು. ಕೆಲಸ ಮುಗಿದ ಸಂತೋಷದಲ್ಲಿ ಬೀಡಿ, ಎಲೆಅಡಿಕೆ, ಹರಟೆ, ಎಲ್ಲ ನಡೆದಿತ್ತು. ಪ್ಯಾಂಟು ಮಡಿಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತ ಒಬ್ಬನ ಬೆನ್ನು ಮಾತ್ರ ಎಲ್ಲೋ ನೋಡಿದ ಹಾಗಿತ್ತು. ತಿರುಗಿದ. ನಮ್ಮ ಲ್ಯಾಬಿನ ಜೀಪಿನ ಡ್ರೈವರು!

"ಏನಪ್ಪ, ಹೊಟ್ಟೆನೋವು ಅಂತ ರಜೆ ಹಾಕಿದ್ದೆ?"

"ಈಗ್ ಒಸಿ ವಾಸಿ ಮೇಡಮ್" ಎಂದು ಕ್ಯಾನನ್ನು ಹಿಂದಕ್ಕೆ ಸರಿಸಿದ. "ಪಕ್ಕದೂರ್ನಾಗೆ ನಮ್ಮಾವನ್ ಶುಂಠಿ ಮೇಡಮ್. ಸ್ವಾಮಾರ ಅಲ್ವಾ?"

ನನಗೆ ನಗು ಬಂತು, ನಗುತ್ತಿರುವಾಗಲೇ ಬುದ್ಧಿಯೂ ಬಂತು. ನೀರು ಹಿಡಿಯುವ ಸಹಾಯಕನಿಗೂ ಅರಕಲಗೂಡಿನ ಹತ್ತಿರ ಜಮೀನಿದೆ, ಅವನಿಗೂ ಸೋಮವಾರ ಏನಾದರೊಂದು ನೋವು ಇದ್ದೇ ಇರುತ್ತದೆ. ಹಾಗಾಗಿ ನಮ್ಮ ಜೀಪು ಇಲ್ಲಿಯವರೆಗೆ ಒಂದೇ ಒಂದು ಸೋಮವಾರವೂ ಈ ದಿಕ್ಕಿಗೆ ಬಂದಿರಲಿಲ್ಲ. ನೀರಿಗೆ ವಿಷ ಬೀಳುವ ದಿನ ನೀರು ಹಿಡಿಯುವವರೆಲ್ಲ ವಿಷ ತೊಳೆಯಲು ಹೋಗಿರುತ್ತಿದ್ದರು. ಗುರುವಾರದ ಹೊತ್ತಿಗೆ ಅದೆಲ್ಲ ಹರಿದು ಹೋಗಿ ನಾಲೆ ತಣ್ಣಗೆ ಪಾಪದ ಮುಖ ಮಾಡಿಕೊಂಡಿರುತ್ತಿತ್ತು.

ನನ್ನ ಚೀಲದಲ್ಲಿ ಕಂದು ಗಾಜಿನ ಬಾಟಲಿಗಳು ಸದಾ ಇರುತ್ತವೆ. ಮೆಟ್ಟಿಲ ಕೆಳಗೆ, ನೀರು ಕೆರೆಗೆ ತಿರುಗುವ ಕಡೆ ಬಗ್ಗಿ ಒಂದನ್ನು ತುಂಬಿಕೊಂಡೆ. ತಲೆ ಎತ್ತಿದರೆ ಎದುರಿಗೆ ಅಣ್ಣ, ಕೈಯಲ್ಲಿ ಆಗ ತಾನೇ ತೊಳೆದ ಕ್ಯಾನು.

"ಏನವ್ವ ಅದು?"

"ಸುಮ್ನೆ ಕಣಣ್ಣ, ನೀರು."

ಅಣ್ಣ ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುವವನು. ಅವತ್ತು ಬಾಟಲಿಯನ್ನು ನೋಡಿದ, ಕೆರೆಯ ಕಡೆ ನೋಡಿದ, ಕ್ಯಾನು ಹೆಗಲಿಗೆ ಹಾಕಿಕೊಂಡು ಮಾತಿಲ್ಲದೆ ಹೋದ. ನಾನು ಬಾಟಲಿಯನ್ನು ಅತ್ತಿಗೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟು, "ಇದನ್ನ ಯಾರೂ ಮುಟ್ಬೇಡಿ" ಎಂದು ಹೇಳಿ ಊಟಕ್ಕೆ ಕೂತೆ.

ಆ ಬಾಟಲಿಯ ಫಲಿತಾಂಶ ಬಂದಾಗ ನಾನೇ ಮಿಷನ್ನನ್ನು ಇನ್ನೊಮ್ಮೆ ಓಡಿಸಿದೆ. ಗುರುವಾರದ ನೀರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಂದು ಬಾಟಲಿಯಿಂದ ಗೆರೆ ಎಳೆಯಲಾಗುವುದಿಲ್ಲ ಎಂದು ಮಳೆಗಾಲ ಪೂರ್ತಿ ಸೋಮವಾರಗಳಂದೇ ಜೀಪು ಕಳಿಸಿದೆ. ಡ್ರೈವರು ನನ್ನನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡನೋ, ಅವನ ಮಾವನ ಶುಂಠಿಗೇ ಗೊತ್ತು. ಎಲ್ಲ ಸೋಮವಾರಗಳೂ ಒಂದೇ ಕಥೆ ಹೇಳಿದವು.

ಅತ್ತಿಗೆಗೆ ನಾನು ಹೇಳಲಿಲ್ಲ. ನಾಲೆಯಲ್ಲಿ ಕ್ಯಾನು ತೊಳೆದವರು ಹತ್ತಾರು ಜನ, ಆದರೆ ಅವರಲ್ಲಿ ಒಬ್ಬ ನಮ್ಮ ಅಣ್ಣ. ಗಂಡ ಹೆಂಡತಿ ಮಧ್ಯೆ ಬೆಂಕಿ ಹಚ್ಚಿದ ನಾದಿನಿ ಎಂಬ ಹೆಸರು ನನಗೆ ಬೇಡವಾಗಿತ್ತು. ಮೇಲಾಗಿ ಅವಳು ಮೂರನೇ ಸಲದ ಮರಿಗಳಿಗೆ ಆಗಲೇ ಮುಂಗಡ ಕೊಟ್ಟುಬಿಟ್ಟಿದ್ದಳು. ಅವೂ ಸತ್ತರೆ ಕೆರೆ ಹೋಗುತ್ತದೆ, ಕೆರೆ ಹೋದರೆ ಅವಳು ಸುಮ್ಮನಾಗಿಬಿಡುತ್ತಾಳೆ ಎಂಬ ಭಯ ನನಗಿತ್ತು. ಸಮಿತಿಯಲ್ಲಾದರೂ ಇದನ್ನು ಸರಿಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಸೋಮವಾರಗಳನ್ನೆಲ್ಲ ಸೇರಿಸಿ ಭಾಗಿಸಿ, "ನೋಡಿ, ಆದರೂ ವರ್ಷದ ಸರಾಸರಿ ಗೆರೆಯ ಕೆಳಗೇ ಇದೆ" ಎಂದರು. ನನಗೆ ಪಿತ್ತ ನೆತ್ತಿಗೇರಿತು. "ಸರ್, ಒಂದು ವಾರಕ್ಕೆ ಬೇಕಾದ ಉಪ್ಪನ್ನೆಲ್ಲ ಸೋಮವಾರದ ಸಾರಿಗೆ ಸುರಿದು, ಉಳಿದ ದಿನ ಸಪ್ಪೆ ಸಾರು ಬಡಿಸಿ, ಸರಾಸರಿ ಉಪ್ಪು ಸರಿಯಾಗಿದೆ ಅಂದರೆ ನೀವು ಉಣ್ಣುತ್ತೀರಾ?" ಎಂದು ಕೇಳಿಬಿಟ್ಟೆ. ಸಭೆಯಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ನಿಧಾನಕ್ಕೆ ನಕ್ಕರು. ಸರಾಸರಿಗೆ ಒಂದು ಗೆರೆ ಇರಲಿ, ಯಾವ ದಿನವೂ ದಾಟಬಾರದ ಇನ್ನೊಂದು ಗೆರೆಯೂ ಇರಲಿ ಎಂದು ಒಪ್ಪಿದರು. ಆದರೆ ಆ ಎರಡನೇ ಗೆರೆ ಎಲ್ಲಿರಬೇಕು ಎಂದು ಹೇಳಲು ಇಲ್ಲಿಯ ಕೆರೆಗಳ ಮೀನಿನ ಮೇಲೇ ಪರೀಕ್ಷೆ ಆಗಬೇಕು ಎಂದರು.

ಆ ಪರೀಕ್ಷೆ ನೋಡಲು ಚೆನ್ನಾಗಿರುವುದಿಲ್ಲ. ಗಾಜಿನ ತೊಟ್ಟಿಗಳನ್ನು ಸಾಲಾಗಿ ಇಟ್ಟು, ಒಂದಕ್ಕಿಂತ ಒಂದರಲ್ಲಿ ಸ್ವಲ್ಪ ಹೆಚ್ಚು ಔಷಧಿ ಬೆರೆಸಿ, ಮೀನು ಮರಿಗಳನ್ನು ಬಿಟ್ಟು ಕಾಯಬೇಕು. ಯಾವ ತೊಟ್ಟಿಯಲ್ಲಿ ಅರ್ಧದಷ್ಟು ಸತ್ತವು ಎಂದು ನೋಡಿ, ಅಲ್ಲಿಂದ ಬಹಳ ಕೆಳಗೆ ಇಳಿದು ಗೆರೆ ಎಳೆಯಬೇಕು. ಮರಿಗಳನ್ನು ಎಲ್ಲಿಂದ ತರುವುದು? ಅತ್ತಿಗೆಯ ಮೂರನೇ ಕಂತಿನ ಮರಿಗಳು ಆಗಷ್ಟೇ ಬಂದು, ಮನೆ ಹಿಂದಿನ ಸಿಮೆಂಟು ತೊಟ್ಟಿಯಲ್ಲಿದ್ದವು. ಊರಿಗೆ ಹೋಗಿ, ಕಾಫಿ ಕುಡಿದು ಲೋಟ ತೊಳೆದಿಟ್ಟು, ಮತ್ತೆ ಬಂದು ಕೂತು, ಕೊನೆಗೂ ಕೇಳಿದೆ.

"ಸಾಯ್ಲಿ ಅಂತ್ಲೇ ಕೊಡಾದಾ?" ಎಂದಳು ಅತ್ತಿಗೆ. "ಒಂದೂ ಸಾಯ್ದೇ ಇರಾದ್ನ ನೋಡಾದ್ ಬುಟ್ಟು, ಅರ್ಧ ಸಾಯೋದ್ನ ಯಾಕ್ ನೋಡ್ತೀರಿ ನೀವು?"

ನಾನು ವಿವರಿಸಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಎದ್ದು ಹೋಗಿ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ ತಾನೇ ಮರಿಗಳನ್ನು ಹಿಡಿದು ಬಿಟ್ಟಳು. "ತಗೊಂಡೋಗು. ಮೊದ್ಲು ಸತ್ತವು ಯಾವ್ ಲೆಕ್ಕುಕ್ಕೂ ಬರ್ನಿಲ್ಲ. ಇವಾರ ಬರ್ಲಿ" ಎಂದಳು. ಬಸ್ಸಿನಲ್ಲಿ ಆ ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು ಹಾಸನದವರೆಗೂ ಬಂದೆ. ಪಕ್ಕದ ಸೀಟಿನ ಹೆಂಗಸು "ಸಾರಿಗಾ?" ಎಂದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಉಳಿದ ಮರಿಗಳನ್ನು ಕೆರೆಗೆ ಬಿಡದೆ ತೊಟ್ಟಿಯಲ್ಲೇ ಇಟ್ಟುಕೊಂಡು ಕಾಯಲು ಹೇಳಿದ್ದೆ, ಅವಳು ಕಾದಳು.

ಸಂಖ್ಯೆ ಸಿಕ್ಕಿತು. ಅಂತಿಮ ಮಾಡುವ ಮೊದಲು ಜನರ ಅಭಿಪ್ರಾಯ ಕೇಳಬೇಕೆಂದು ಹೊಳೆನರಸೀಪುರದಲ್ಲಿ ಸಭೆ ಕರೆದರು. ಶುಂಠಿ ಬೆಳೆಗಾರರು ಒಂದು ಕಡೆ ತುಂಬಿಕೊಂಡರು, ಗೆರೆ ತೀರಾ ಬಿಗಿಯಾಯಿತು ಎಂದು ಗದ್ದಲ ಶುರುವಾಯಿತು. ತಮ್ಮ ಪರವಾಗಿ ಮಾತಾಡಲು ಅವರು ಆರಿಸಿಕೊಂಡು ಬಂದದ್ದು ಯಾರನ್ನು? ದೊಡ್ಡ ಗಂಟಲಿನ ನಮ್ಮ ಅಣ್ಣನನ್ನು. ಹಿಂದಿನ ಸಾಲಿನಲ್ಲಿ ಸಂಘದ ಹೆಂಗಸರ ಜೊತೆ ಅತ್ತಿಗೆ. ಇಬ್ಬರೂ ಒಂದೇ ಬೈಕಿನಲ್ಲಿ ಬಂದಿದ್ದರು. ನಾನು ವೇದಿಕೆಯ ಮೇಲೆ. ಅಣ್ಣ ಈಗ ಗೆರೆಯನ್ನು ಬೈದರೆ ಅತ್ತಿಗೆಯ ಕೆರೆ ಹೋಯಿತೆಂದೇ ಲೆಕ್ಕ.

ಅಣ್ಣ ಎದ್ದು ಬಂದು ಮೈಕು ಹಿಡಿದ.

"ಸಾ, ಬಿಗಿಯಾಯ್ತು ಅಂತ ಯೋಳಾಕೇ ನನ್ನ ಕಳ್ಸವ್ರೆ. ಯೋಳಾದ್ ಯೋಳ್ದೆ. ಈಗ ನನ್ ಮಾತು" ಎಂದ. ಗಂಟಲು ಅವನದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು. "ಸ್ವಾಮಾರ ಸ್ವಾಮಾರ ನಾಲೇಲಿ ಕ್ಯಾನ್ ತೊಳ್ಯೋರು ನಾವೇ ಸಾ. ಆ ನೀರು ಓಗಾದು ನಮ್ಮನೆವ್ಳು ಮೀನ್ ಸಾಕಿರೋ ಕೆರೆಗೆ. ಎಲ್ರೂ ತೊಳೀತಾರೆ ಅಂದ್ರೂವೆ, ನನ್ ಕ್ಯಾನಿಂದ ಸಾಯ್ನಿಲ್ಲ ಅಂತ ನಾನ್ ಎಂಗ್ ಯೋಳ್ಲಿ? ಗೆರೆ ನೀವ್ ಎಳ್ದಲ್ಲೇ ಇರ್ಲಿ. ನಾಲೆಯಿಂದ ದೂರಕ್ಕೆ ಕ್ಯಾನ್ ತೊಳ್ಯಾಕೆ ಒಂದ್ ಜಾಗ ಮಾಡ್ಕೊಡಿ, ನಾನ್ ಇನ್ನ ನೀರಿಗಿಳ್ಯಾಕಿಲ್ಲ."

ಅಧ್ಯಕ್ಷರು, ಎರಡೂ ಗೆರೆಗಳು ಹಾಗೆಯೇ ಇರಲಿ, ತೊಳೆಯುವ ಜಾಗದ ಶಿಫಾರಸನ್ನೂ ಸೇರಿಸಿ ಎಂದು ಬರೆಸಿಕೊಂಡರು. ಅಣ್ಣ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಕಣ್ಣು ಹಿಂದಿನ ಸಾಲಿನ ಮೇಲಿತ್ತು.

ಅತ್ತಿಗೆ ಎದ್ದು ನಿಂತಳು. "ನಂಗೊತ್ತಿತ್ತು. ಬನ್ನಿ, ಕುಂತ್ಕಳಿ" ಎಂದಳು.

"ಗೊತ್ತಿತ್ತಾ? ಯಾವಾಗಿಂದ?" ಮೈಕು ಇನ್ನೂ ಅಣ್ಣನ ಬಾಯಿಯ ಹತ್ತಿರವೇ ಇದ್ದದ್ದರಿಂದ ಇಡೀ ಸಭೆಗೆ ಕೇಳಿಸಿತು.

"ಮೊದುಲ್ನೇ ಸಲ ಮೀನ್ ಸತ್ತಾಗ್ಲೇ. ಅವತ್ ನೀವು ಉಣ್ನೇ ಇಲ್ವಲ್ಲ."