ಹವಳದ ಗೋಡೆಗೆ ಬಳಿದ ಸಿಮೆಂಟು

ಮಗಳು ರೀನಾ ನಿನ್ನೆ ಶಾಲೆಯ ಪ್ರಾಜೆಕ್ಟಿಗೆಂದು ಅಡಿಗೆಮನೆಯಲ್ಲಿ ಬೋಗುಣಿ ತುಂಬ ಜಿಪ್ಸಂ ಕಲಸುತ್ತಿದ್ದಳು. ಈಸಾ ಟೌನಿನ ಅವಳ ಶಾಲೆಯವರು ಮಕ್ಕಳನ್ನು ಈ ಕೊಲ್ಲಿ ದೇಶದ ಹಳೇ ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದರು. "ಮಮ್ಮಿ, ಅಲ್ಲಿ ಕೆಳಗೆ ಥೌಸಂಡ್ಸ್ ಆಫ್ ಇಯರ್ಸ್ ಹಿಂದಿನ ಗೋಡೆ ಉಂಟು. ಕಲ್ಲು ಮತ್ತೆ ಗಾರೆ, ಅಷ್ಟೇ. ಇನ್ನೂ ನಿಂತಿದೆ" ಎಂದಳು. ಒದ್ದೆ ಜಿಪ್ಸಮ್ಮಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಬಾಗಿಲ ತನಕ ಹಿಂದೆ ಸರಿದೆ. ವಾಸನೆಗೆ ಹೆದರುವವರುಂಟಾ ಎಂದು ನಿಮಗೆ ನಗು ಬರಬಹುದು. ಉಂಟು, ನಾನೇ.

ಹನ್ನೆರಡು ವರ್ಷದ ಹಿಂದೆ ನಾವಿದ್ದದ್ದು ಮುಹರಕ್‌ನ ಒಂದು ಹಳೇ ಮನೆಯ ಕೆಳಗಿನ ಕೋಣೆಯಲ್ಲಿ. ಸಮುದ್ರದಿಂದ ಎತ್ತಿದ ಹವಳದ ಕಲ್ಲು, ಜಿಪ್ಸಂ ಗಾರೆ, ಮಾಡಿಗೆ ಕಾಂಡ್ಲಾ ಮರದ ಜಂತಿ, ಅದರ ಮೇಲೆ ಖರ್ಜೂರದ ಗರಿಯ ಚಾಪೆ, ಮಣ್ಣು. ಈ ಕಡೆಯವರು ಅಜ್ಜ ಮುತ್ತಜ್ಜನ ಕಾಲದಿಂದ ಕಟ್ಟಿಕೊಂಡು ಬಂದದ್ದು ಹೀಗೇ ಅಂತೆ. ಗೋಡೆ ಮಾತ್ರ ದಿನಾ ಬಿಳಿ ಪುಡಿ ಉದುರಿಸುತ್ತಿತ್ತು. ಎರಡು ವರ್ಷದ ರೀನಾ ಅದನ್ನು ಬೆರಳಲ್ಲಿ ಒರೆಸಿ ನೆಕ್ಕುತ್ತಿದ್ದಳು.

ನನ್ನ ಅಪ್ಪ ಮೂಡುಬಿದಿರೆ ಕಡೆಯಲ್ಲಿ ಮೇಸ್ತ್ರಿ. ಅವರು ಕೆಂಪು ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿಯುವುದನ್ನು ನೋಡಿಯೇ ಬೆಳೆದವಳು ನಾನು. ಮೇಸ್ತ್ರಿಯ ಮಗಳೆಂಬ ಜಂಬ ಬೇರೆ. ನಮ್ಮ ಮನೆಯವರು ಹಿದ್‌ನ ಬಂದರಿಗೆ ಡ್ಯೂಟಿಗೆ ಹೋಗಿದ್ದ ಒಂದು ದಿನ, ಸಿಮೆಂಟು ತರಿಸಿ, ಮಗುವಿನ ಮಂಚದ ಹಿಂದಿನ ಗೋಡೆಗೆ ನಾನೇ ದಪ್ಪಕ್ಕೆ ಬಳಿದೆ. ಒಣಗಿದ ಮೇಲೆ ನೀಲಿ ಪೇಂಟು. ಇವರು ನೋಡಿ, "ಅಪ್ಪನ ಕೈಯೇ ಬಂದಿದೆ ನಿನಗೆ" ಎಂದರು. ನಾನು ನೆಲದ ಮೇಲಿರಲಿಲ್ಲ.

ಪಕ್ಕದ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಹಮೀದ್ ಕಾಕ ಉಳ್ಳಾಲದವರು. ಅಂಗಡಿ ಇಡುವ ಮೊದಲು ಇಲ್ಲಿಯ ಹಳೇ ಮನೆಗಳ ರಿಪೇರಿಗೆ ಹೋಗುತ್ತಿದ್ದವರು. ಕೆಲವು ತಿಂಗಳ ನಂತರ ಒಮ್ಮೆ ನೀರಿನ ಕ್ಯಾನ್ ಕೊಡಲು ಬಂದವರು ಗೋಡೆಯ ಮುಂದೆ ನಿಂತೇಬಿಟ್ಟರು.

"ಇದು ಯಾರು ಮಾಡಿದ್ದು ಬಾಯಮ್ಮ?"

"ನಾನೇ ಕಾಕ. ಚಂದ ಉಂಟಲ್ವಾ?"

"ಇದು ನಮ್ಮ ಊರಿನ ಮುರಕಲ್ಲಲ್ಲ. ಸಮುದ್ರದ ಕಲ್ಲು, ಒಳಗೆಲ್ಲ ಉಪ್ಪಿನ ಪಸೆ. ಪುಡಿ ಉದುರಿದ್ರೆ ಉದುರ್ಲಿ, ಗೋಡೆ ಉಳೀತದೆ. ನೀವು ಸಿಮೆಂಟು ಹಾಕಿ ಉಪ್ಪನ್ನು ಒಳಗೇ ಕಟ್ಟಿಹಾಕಿದ್ದೀರಿ. ಅದು ಕಲ್ಲನ್ನೇ ತಿನ್ತದೆ. ಮಗುವನ್ನು ಇಲ್ಲಿ ಮಲಗಿಸ್ಬೇಡಿ. ಗಂಡನಿಗೆ ಹೇಳಿ ಇದನ್ನು ಕೆತ್ತಿಸಿ."

ಹೇಳಬೇಕಿತ್ತು. ಅಷ್ಟು ಹೊಗಳಿಸಿಕೊಂಡ ಮೇಲೆ ಹೇಗೆ ಹೇಳುವುದು? ನಾಳೆ, ನಾಡಿದ್ದು ಎಂದು ಮೂರು ವಾರ ಕಳೆಯಿತು. ಮಂಚವನ್ನು ಮಾತ್ರ ಕೋಣೆಯ ನಡುವಿಗೆ ಎಳೆದೆ. ಇವರು ಕೇಳಿದರೆ, ಮಗುವಿಗೆ ಎಸಿಯ ಗಾಳಿ ನೇರ ಬಡಿಯುತ್ತದೆ ಎಂದೆ. ದಿನಾ ಗೋಡೆ ತಟ್ಟಿ ನೋಡುತ್ತಿದ್ದೆ. ಮೊದಲು ಅಂಗೈ ಅಗಲಕ್ಕೆ ಟೊಳ್ಳು ಸದ್ದು, ಆಮೇಲೆ ಮೊಳದಗಲಕ್ಕೆ. ಸಿಮೆಂಟು ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂತು. ಅಷ್ಟು ಹೆದರಿದವಳು ಮಾಡಿದ್ದೇನು ಗೊತ್ತೇ? ಉಬ್ಬಿದ ಜಾಗಕ್ಕೆ ದೊಡ್ಡ ಕ್ಯಾಲೆಂಡರು ತೂಗುಹಾಕಿದೆ.

ಒಂದು ಮಧ್ಯಾಹ್ನ ಕಾಕನ ಅಂಗಡಿಯಿಂದ ಖುಬೂಸ್ ರೊಟ್ಟಿ ತೆಗೆದುಕೊಂಡು ಬಂದರೆ, ಮಂಚ ಮತ್ತೆ ಗೋಡೆಗೆ ಒತ್ತಿ ನಿಂತಿತ್ತು. "ನಡೆಯುವಾಗ ಕಾಲಿಗೆ ತಾಗ್ತದೆ ಅಂತ ನಾನೇ ತಳ್ಳಿದೆ" ಎಂದರು ಇವರು. ಮಗು ನಿದ್ದೆಯಲ್ಲಿತ್ತು. ತಳ್ಳಿದ ರಭಸಕ್ಕೆ ಕ್ಯಾಲೆಂಡರಿನ ಹಿಂದಿನಿಂದ ಹಾಸಿಗೆಯ ಮೇಲೆ ಸಣ್ಣಗೆ ಪುಡಿ ಸುರಿಯುತ್ತಿತ್ತು. ನಾನು ಖುಬೂಸ್ ಬಿಸಾಡಿ ಅವಳನ್ನು ಬಾಚಿಕೊಂಡು ಬಾಗಿಲಿಗೆ ಓಡಿದೆ. ತಿರುಗಿ ನೋಡುವಾಗ ಸಿಮೆಂಟು, ಅದರ ಹಿಂದಿನ ಕಲ್ಲುಗಳು, ಒಂದು ಜಂತಿಯ ತುದಿ, ಎಲ್ಲ ಆ ಮಂಚದ ಮೇಲಿದ್ದವು. ಕೋಣೆ ತುಂಬ ಹಸಿ ಜಿಪ್ಸಮ್ಮಿನ ವಾಸನೆ.

ಇವರು ಹೇಳಿದ್ದು ಒಂದೇ ಮಾತು. "ನಾನೇ ತಳ್ಳಿದ್ದು." ಅದನ್ನೇ ಹನ್ನೆರಡು ವರ್ಷ ಹೊತ್ತರು. ಬುದಯ್ಯದ ಈ ಮನೆಯಲ್ಲೂ ಡ್ಯೂಟಿಗೆ ಹೋಗುವ ಮೊದಲು ರೀನಾಳ ಮಂಚದ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿಯೇ ಹೋಗುವುದು. ಹಮೀದ್ ಕಾಕ ಊರಿಗೆ ಹೋದ ಮೇಲೆ, ನಿಜ ಗೊತ್ತಿದ್ದವಳು ಇಲ್ಲಿ ನಾನೊಬ್ಬಳೇ.

ಆ ಗೋಡೆ ಬಿದ್ದ ಕತೆ ಕೇಳಿಯೇ ಬೆಳೆದ ರೀನಾ ನಿನ್ನೆ ಜಿಪ್ಸಂ ಕಲಸುತ್ತಾ ಕೇಳಿದಳು, "ಮಮ್ಮಿ, ಅಂಥಾ ಗೋಡೆಗೆ ಸಿಮೆಂಟ್ ಹಾಕ್ಬಾರ್ದಂತೆ, ಗೈಡ್ ಹೇಳಿದ್ರು. ನಿಮಗೆ ಗೊತ್ತಿರ್ಲಿಲ್ವಾ?"

ನೀರು ಕುಡಿಯಲು ಬಂದಿದ್ದ ಇವರು ನನ್ನ ಪರವಾಗಿ ಹೇಳಿದರು. "ಅವಳಿಗೆ ಹೇಗೆ ಗೊತ್ತಿರ್ತದೆ? ಮಂಚ ತಳ್ಳಿದ್ದು ನಾನು."

"ಗೊತ್ತಿತ್ತು" ಎಂದೆ. "ಮೂರು ವಾರ ಮೊದಲೇ ಕಾಕ ಹೇಳಿದ್ದರು. ಅದಕ್ಕೇ ನಾನು ಮಂಚ ನಡುವಿಗೆ ಎಳೆದದ್ದು."

ಅವರು ಲೋಟ ಕೆಳಗಿಟ್ಟರು.

ಇವತ್ತು ಬೆಳಿಗ್ಗೆ ಗೋಡೆ ತಟ್ಟದೆಯೇ ಡ್ಯೂಟಿಗೆ ಹೋದರು. ಕಾರು ಗೇಟು ದಾಟುವ ತನಕ ಕಾದೆ. ಆಮೇಲೆ ರೀನಾಳ ಕೋಣೆಗೆ ಹೋಗಿ, ಇದು ಬರೀ ಕಾಂಕ್ರೀಟು ಎಂದು ಗೊತ್ತಿದ್ದೂ, ಮೂರು ಸಲ ತಟ್ಟಿ ನೋಡಿದೆ.